ಹಾಡಿನ ಋಣ

ಕೊಡುವವನ ಕೈ ಸ್ವಲ್ಪವಾದರೂ ನೋಯಬೇಕು. ನೋಯದಿದ್ದರೆ ಅದು ದಾನವಲ್ಲ ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ತನ್ನ ಪಾಲಿನ ಅನ್ನವನ್ನು ಹಸಿದವನಿಗೆ ಕೊಟ್ಟು ತಾನು ನೀರು ಕುಡಿದು ಮಲಗಿದವನನ್ನು ನಾವು ಕೊಂಡಾಡುತ್ತೇವೆ. ಹೊಟ್ಟೆ ತುಂಬ ಉಂಡು ಮಿಕ್ಕಿದ್ದನ್ನು ಕೊಟ್ಟವನ ಮಾತು ಬಂದಾಗ ಸುಮ್ಮನಾಗುತ್ತೇವೆ. ಹಾಗಿರುವಾಗ, ಕೊಟ್ಟ ಹಣಕ್ಕೆ ಪ್ರತಿಯಾಗಿ ಒಂದು ಸಂಜೆಯ ಸಂಗೀತವನ್ನು ಕೇಳಿ, ತಲೆದೂಗಿ, ಮನಸ್ಸು ತುಂಬಿಕೊಂಡು ಮನೆಗೆ ಹೋಗಿ ಸುಖವಾಗಿ ನಿದ್ದೆಮಾಡಿದವನನ್ನು ಏನೆಂದು ಕರೆಯೋಣ? ಅವನು ದಾನಿಯೆ, ಗಿರಾಕಿಯೆ?

ಸಹಾಯಾರ್ಥ ನಾಟಕ, ಸಹಾಯಾರ್ಥ ಕಚೇರಿ ಎಂಬ ಮಾತುಗಳು ನಮಗೆ ಹೊಸವಲ್ಲ. ಶಾಲೆಯ ಕಟ್ಟಡಕ್ಕೆಂದೊ, ನೆರೆ ಪರಿಹಾರಕ್ಕೆಂದೊ ಟಿಕೆಟ್ಟಿನ ಪುಸ್ತಕ ಹಿಡಿದು ಬಾಗಿಲಿಗೆ ಬಂದ ಪರಿಚಿತರಿಗೆ ಇಲ್ಲವೆನ್ನಲಾರದೆ ಎರಡು ಟಿಕೆಟ್ಟು ಕೊಂಡವರು ನಮ್ಮಲ್ಲಿ ಎಷ್ಟೋ ಜನ. ಎಂ. ಎಸ್. ಸುಬ್ಬುಲಕ್ಷ್ಮಿಯವರು ತಮ್ಮ ಕಂಠದಿಂದ ಎಷ್ಟು ಸಂಸ್ಥೆಗಳನ್ನು ಪೋಷಿಸಿದರೆಂದರೆ, 1974ರಲ್ಲಿ ಅವರಿಗೆ ಬಂದ ಮ್ಯಾಗ್ಸೆಸೆ ಪ್ರಶಸ್ತಿಯು ಸಂದದ್ದು ಸಾರ್ವಜನಿಕ ಸೇವೆಯ ವಿಭಾಗದಲ್ಲಿ. ಹಾಡಿದವರ ತ್ಯಾಗದ ಬಗ್ಗೆ ಯಾರಿಗೂ ಸಂಶಯವಿಲ್ಲ. ಸಂಶಯವಿರುವುದು ಕೇಳಿದವರ ಬಗ್ಗೆ. ಮೂರು ಗಂಟೆ ಕೂತು ಆ ಗಾಯನವನ್ನು ಕೇಳಿದವನು ಏನನ್ನು ತ್ಯಜಿಸಿದ?

ಈ ಪ್ರಶ್ನೆಯನ್ನು ಅದರ ಅತ್ಯಂತ ಮೊನಚಾದ ರೂಪದಲ್ಲಿ ನೋಡಬೇಕಾದರೆ ಅಮೆರಿಕದ ಬೇಸಗೆಯ ಬಯಲು ಕಚೇರಿಗಳತ್ತ ತಿರುಗಬೇಕು. ಅಲ್ಲಿ ಕೇಳುಗನ ಸಂತೋಷಕ್ಕೆ ಮಿತಿಯೇ ಇಲ್ಲ. ಸಭಾಂಗಣದ ಬಿಗುವಿಲ್ಲ, ಹುಲ್ಲಿನ ಮೇಲೆ ಕೂರಬಹುದು, ಮಲಗಬಹುದು, ಕುಣಿಯಬಹುದು. ಅದರಲ್ಲಿಯೂ ‘ಜಾಮ್ ಬ್ಯಾಂಡ್’ ಎಂದು ಹೆಸರಾದ ತಂಡಗಳು ಬಂದರೆ ಕಚೇರಿ ನಾಲ್ಕು ಗಂಟೆಯಾದರೂ ಮುಗಿಯದೆ ಇರಬಹುದು. ಬ್ರೆಡ್ಡಿಗೆ ಹಚ್ಚುವ ಜಾಮಿಗೂ ಇದಕ್ಕೂ ಸಂಬಂಧವಿಲ್ಲ. ಹಾಡನ್ನು ಬರೆದಿಟ್ಟಂತೆಯೇ ನುಡಿಸಿ ಮುಗಿಸದೆ, ಅದನ್ನು ಒಂದು ನೆಲೆಯಾಗಿ ಇಟ್ಟುಕೊಂಡು, ಅಲ್ಲಿಂದ ಎಲ್ಲರೂ ಕೂಡಿ ಮನಸ್ಸು ಹೋದತ್ತ ಹೊರಟು, ಕಡೆಗೆ ಹಾಡಿಗೆ ಹಿಂದಿರುಗುವುದು ಈ ತಂಡಗಳ ಕ್ರಮ. ನಮ್ಮ ಸಂಗೀತದ ಮನೋಧರ್ಮವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಕಲ್ಪನೆಯ ಹೊಣೆ ಬಹುಮಟ್ಟಿಗೆ ಮುಖ್ಯ ಗಾಯಕನದು. ಅಲ್ಲಿ ಅದು ಎಲ್ಲರದು. ಗಿಟಾರಿನವನು ಏನು ನುಡಿಸುತ್ತಾನೆಂಬುದು ಡ್ರಮ್ಮಿನವನಿಗೆ ತಿಳಿಯದು. ಡ್ರಮ್ಮಿನವನು ಯಾವ ನಡೆಗೆ ತಿರುಗುತ್ತಾನೆಂಬುದು ಗಿಟಾರಿನವನಿಗೆ ತಿಳಿಯದು. ಒಬ್ಬರಿಗೊಬ್ಬರು ಕಿವಿಗೊಟ್ಟು ನಡೆಯುವುದೊಂದೇ ದಾರಿ. ಈ ಪಂಥದ ಹಿರಿಯ ತಂಡ, 1965ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ‘ಗ್ರೇಟ್‌ಫುಲ್ ಡೆಡ್’. ಅದರ ಡ್ರಮ್ ವಾದಕರಲ್ಲಿ ಒಬ್ಬರಾದ ಮಿಕ್ಕಿ ಹಾರ್ಟ್ ನಮ್ಮ ತಬಲಾ ವಿದ್ವಾಂಸ ಅಲ್ಲಾರಖಾ ಅವರಲ್ಲಿ ತಾಳದ ಪಾಠ ಹೇಳಿಸಿಕೊಂಡವರು. ಅಲ್ಲಾರಖಾ ಅವರ ಮಗ ಜಾಕಿರ್ ಹುಸೇನರೊಡನೆ ಕೂಡಿ 1976ರಲ್ಲಿ ಒಂದು ಧ್ವನಿಮುದ್ರಿಕೆಯನ್ನೂ ಹೊರತಂದರು. ಆದ್ದರಿಂದ ಆ ಸಂಗೀತ ನಮಗೆ ತೀರ ಪರಕೀಯವೂ ಅಲ್ಲ.

ಈ ತಂಡದ ಒಂದು ಸಹಾಯಾರ್ಥ ಕಚೇರಿಯ ಕಥೆ ನಮ್ಮ ಪ್ರಶ್ನೆಗೆ ತುಂಬ ಒಪ್ಪುತ್ತದೆ. ಅಮೆರಿಕದ ಪಶ್ಚಿಮ ಕರಾವಳಿಯ ಆರೆಗಾನ್ ಸಂಸ್ಥಾನದಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿದೆ. ಅಲ್ಲಿ ಚಕ್ ಕೀಸಿ ಮತ್ತು ಅವರ ಹೆಂಡತಿ ಸ್ಯೂ 1960ರಲ್ಲಿ ಒಂದು ಚಿಕ್ಕ ಹಾಲಿನ ಡೈರಿಯನ್ನು ಆರಂಭಿಸಿದ್ದರು. ಅವರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ನ್ಯಾನ್ಸಿ ಹ್ಯಾಮ್ರೆನ್ ಎಂಬ ಹೆಣ್ಣುಮಗಳಿಗೆ ಮನೆಯಲ್ಲಿ ಮೊಸರು ಹೆಪ್ಪುಹಾಕುವ ಹವ್ಯಾಸ. ಅವಳ ಹೆಸರಿನಲ್ಲೇ ಡೈರಿ ಮೊಸರನ್ನು ಮಾರತೊಡಗಿತು. ಮೊಸರು ಚೆನ್ನಾಗಿತ್ತು, ಆದರೆ ಡೈರಿ ಸಾಲದಲ್ಲಿ ಮುಳುಗಿತ್ತು. ದೊಡ್ಡ ಕಂಪನಿಗಳ ಎದುರಿಗೆ ಇಂಥ ಸಣ್ಣ ಉದ್ಯಮಗಳ ಪಾಡು ಎಲ್ಲ ದೇಶಗಳಲ್ಲಿಯೂ ಒಂದೇ. ಚಕ್ ಅವರ ಅಣ್ಣ ಕೆನ್ ಕೀಸಿ ಆ ಕಾಲದ ಹೆಸರಾಂತ ಕಾದಂಬರಿಕಾರರು. ಗ್ರೇಟ್‌ಫುಲ್ ಡೆಡ್ ತಂಡದವರಿಗೆ ಹಳೆಯ ಸ್ನೇಹಿತರು. ಆ ಪರಿಚಯದ ಸಲುಗೆಯಿಂದ ಚಕ್ ತಂಡದವರನ್ನು ಕಂಡು, ನಮಗಾಗಿ ಒಂದು ಕಚೇರಿ ನಡೆಸಿಕೊಡಿ ಎಂದು ಕೇಳಿದರು. ಅವರು ಒಪ್ಪಿದರು.

1972ರ ಆಗಸ್ಟ್ 27ನೆಯ ತಾರೀಖು, ಭಾನುವಾರ. ಯೂಜೀನ್ ನಗರದ ಪಶ್ಚಿಮಕ್ಕೆ ವೆನೀಟ ಎಂಬಲ್ಲಿ ಒಂದು ಜಾತ್ರೆಯ ಬಯಲು. ಟಿಕೆಟ್ಟುಗಳನ್ನು ಅಚ್ಚುಹಾಕಿಸಿದ್ದು ಮೊಸರಿನ ಡಬ್ಬಿಗೆ ಅಂಟಿಸುವ ಚೀಟಿಯ ಮೇಲೆ. ಮುಂಗಡ ಕೊಂಡರೆ ಮೂರು ಡಾಲರು, ಬಾಗಿಲಲ್ಲಿ ಕೊಂಡರೆ ಮೂರೂವರೆ. ಸುಮಾರು ಇಪ್ಪತ್ತು ಸಾವಿರ ಜನ ಸೇರಿದರು. ಅಂದಿನ ಬಿಸಿಲು 100 ಡಿಗ್ರಿ ಫ್ಯಾರನ್‌ಹೀಟನ್ನು ದಾಟಿತ್ತು; ಆ ಪ್ರಾಂತದವರಿಗೆ ಅದು ಅಪರೂಪದ ಬೇಗೆ. ಕುಡಿಯುವ ನೀರು ಸಾಲದಾಯಿತು. ಬಿಸಿಗೆ ತಂತಿಗಳ ಶ್ರುತಿ ನಿಲ್ಲದೆ ವಾದಕರು ಮತ್ತೆ ಮತ್ತೆ ಸರಿಮಾಡಿಕೊಳ್ಳಬೇಕಾಯಿತು. ಆದರೂ ಕಚೇರಿ ಸಂಜೆಯವರೆಗೆ ಬೆಳೆಯಿತು. ಅದರಲ್ಲಿ ಒಂದು ಹಾಡೇ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಹರಿಯಿತು. ಆ ತಂಡದ ಮೂವತ್ತು ವರ್ಷಗಳ ಕಚೇರಿಗಳಲ್ಲೆಲ್ಲ ಇದು ಅತ್ಯುತ್ತಮವಾದವುಗಳಲ್ಲಿ ಒಂದು ಎಂದು ಅವರ ರಸಿಕರು ಇಂದಿಗೂ ಹೇಳುತ್ತಾರೆ. ಆ ದಿನ ತೆಗೆದ ಚಲನಚಿತ್ರವು ಸರಿಯಾದ ರೂಪದಲ್ಲಿ ಪ್ರಕಟವಾದದ್ದು 2013ರಲ್ಲಿ, ನಾಲ್ವತ್ತೊಂದು ವರ್ಷಗಳ ಮೇಲೆ. ಜನರ ಸಂಖ್ಯೆಯನ್ನು ಮೂರರಿಂದ ಗುಣಿಸಿದರೆ ಬರಬೇಕಾಗಿದ್ದಷ್ಟು ಹಣ ಡೈರಿಯ ಕೈಗೆ ಬರಲಿಲ್ಲ. ಬಂದದ್ದರಲ್ಲಿ ಡೈರಿ ಉಳಿದುಕೊಂಡಿತು. ಐವತ್ತು ವರ್ಷ ಕಳೆದ ಮೇಲೂ ಅದೇ ಹೆಸರಿನಲ್ಲಿ ಮೊಸರನ್ನು ಮಾಡುತ್ತಿತ್ತು.

ಆ ಬಯಲಿಗೆ ಬಂದವರೆಲ್ಲ ಧರ್ಮಾತ್ಮರಾಗಿರಲಿಲ್ಲ. ಮಾದಕ ವಸ್ತುಗಳು ಆ ಗುಂಪಿನಲ್ಲಿ ಧಾರಾಳವಾಗಿದ್ದವು. ಎಷ್ಟೋ ಜನರಿಗೆ ಡೈರಿಯ ಸಾಲದ ನೆನಪೂ ಇದ್ದಿರಲಾರದು. ಅವರು ಬಂದದ್ದು ಹಾಡು ಕೇಳಲು. ಹಾಗಾದರೆ ಅವರು ಮಾಡಿದ್ದು ಒಳ್ಳೆಯ ಕೆಲಸವೆ?

ನಮ್ಮ ಗೀತೆಯನ್ನು ಕೇಳಿದರೆ ಉತ್ತರ ಕಠಿಣವಾಗಿಯೇ ಬರುತ್ತದೆ. ಹದಿನೇಳನೆಯ ಅಧ್ಯಾಯದಲ್ಲಿ ದಾನವನ್ನು ಮೂರು ಬಗೆಯಾಗಿ ವಿಂಗಡಿಸಿದೆ. ಕೊಡಬೇಕೆಂಬ ಒಂದೇ ಭಾವದಿಂದ, ದೇಶ ಕಾಲ ಪಾತ್ರಗಳನ್ನು ನೋಡಿ, ತಿರುಗಿ ಉಪಕಾರ ಮಾಡಲಾರದವನಿಗೆ ಕೊಟ್ಟದ್ದು ಸಾತ್ತ್ವಿಕ. ಪ್ರತಿಫಲದ ಮೇಲೆ ಕಣ್ಣಿಟ್ಟು ಕೊಟ್ಟದ್ದು ರಾಜಸ. ಟಿಕೆಟ್ಟು ಕೊಂಡವನಿಗೆ ಪ್ರತಿಫಲ ಅದೇ ಸಂಜೆ ದೊರೆಯುತ್ತದೆ. ಆದ್ದರಿಂದ ಅದು ರಾಜಸವೇ ಸರಿ. ಆದರೆ ಅದೇ ಶ್ಲೋಕದಲ್ಲಿ ಇನ್ನೊಂದು ಮಾತೂ ಇದೆ. ಅದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಕಷ್ಟಪಟ್ಟುಕೊಂಡು, ಮನಸ್ಸು ಹಿಂಡಿಕೊಂಡು ಕೊಟ್ಟದ್ದೂ ರಾಜಸದ ಸಾಲಿಗೇ ಸೇರಿದೆ. ಕೈ ನೊಂದರೆ ಮಾತ್ರ ದಾನ ಎಂಬ ನಮ್ಮ ನಂಬಿಕೆಗೆ ಗೀತೆಯ ಬೆಂಬಲವಿಲ್ಲ. ನೋವನ್ನು ಪುಣ್ಯದ ಅಳತೆಗೋಲು ಮಾಡಿಕೊಂಡವರು ನಾವೇ.

ಜರ್ಮನಿಯ ತತ್ತ್ವಜ್ಞ ಕಾಂಟ್ ಇನ್ನೂ ಬಿಗಿಯಾದ ಮನುಷ್ಯ. 1785ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಅವನು ಹೇಳುವುದು ಹೀಗೆ: ಪರರಿಗೆ ಸಂತೋಷವನ್ನು ಹಂಚುವುದರಲ್ಲಿಯೇ ಸುಖಪಡುವ ಜನರಿದ್ದಾರೆ, ಅವರ ಕೆಲಸ ಮೆಚ್ಚತಕ್ಕದ್ದು, ಆದರೆ ಅದಕ್ಕೆ ನಿಜವಾದ ನೈತಿಕ ಬೆಲೆಯಿಲ್ಲ. ಎಲ್ಲ ಒಲವೂ ಬತ್ತಿಹೋದ ಮೇಲೆ ಕರ್ತವ್ಯವೆಂಬ ಒಂದೇ ಕಾರಣದಿಂದ ನೆರವಾದವನ ಕೆಲಸಕ್ಕೆ ಆ ಬೆಲೆ. ಇದಕ್ಕೆ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಅರಿಸ್ಟಾಟಲ್ ಬೇರೊಂದು ಮಾತನ್ನು ಹೇಳಿಟ್ಟಿದ್ದಾನೆ: ಕೊಡುವುದರಲ್ಲಿ ಸಂತೋಷಪಡದವನನ್ನು ಉದಾರಿಯೆಂದು ಯಾರೂ ಕರೆಯುವುದಿಲ್ಲ. ಅರಿಸ್ಟಾಟಲ್ ನಮ್ಮ ಪಕ್ಷದಲ್ಲಿದ್ದಾನೆಂದು ಬೇಗ ಹಿಗ್ಗುವಂತಿಲ್ಲ. ಅವನು ಹೇಳಿದ್ದು ಕೊಡುವುದರಲ್ಲಿ ಪಡುವ ಸಂತೋಷವನ್ನು. ವೆನೀಟದ ಬಯಲಿನಲ್ಲಿದ್ದವರು ಪಟ್ಟದ್ದು ಪಡೆಯುವುದರ ಸಂತೋಷ. ಇವೆರಡೂ ಒಂದಲ್ಲ. ಮಗುವಿಗೆ ಮಿಠಾಯಿ ಕೊಡುವ ತಾಯಿಯ ಸುಖ ಬೇರೆ, ಮಿಠಾಯಿ ತಿನ್ನುವ ಮಗುವಿನ ಸುಖ ಬೇರೆ.

ಇಲ್ಲಿಗೆ ಬಂದು ನಿಂತಾಗ ನನಗೆ ತೋರುವುದೇನೆಂದರೆ, ನಾವು ತಪ್ಪು ಮಾತನ್ನು ಹಿಡಿದುಕೊಂಡು ವಾದಮಾಡುತ್ತಿದ್ದೇವೆ. ಸಹಾಯಾರ್ಥ ಕಚೇರಿಯನ್ನು ದಾನದ ತಕ್ಕಡಿಯಲ್ಲಿ ತೂಗಿದರೆ ಅದು ಯಾವಾಗಲೂ ಹಗುರವಾಗಿಯೇ ಕಾಣುತ್ತದೆ. ಅದಕ್ಕೆ ಸರಿಯಾದ ಮಾತು ದಾನವಲ್ಲ, ಋಣ.

ಆ ತಂಡದ ಹೆಸರೇ ಇದನ್ನು ಸೂಚಿಸುತ್ತದೆ. ‘ಗ್ರೇಟ್‌ಫುಲ್ ಡೆಡ್’ ಎಂದರೆ ಕೃತಜ್ಞತೆಯುಳ್ಳ ಮೃತ ಎಂದರ್ಥ. ಕೇಳುವುದಕ್ಕೆ ವಿಕಾರವಾದ ಹೆಸರು. ಆದರೆ ಅದು ಯೂರೋಪಿನಲ್ಲಿಯೂ ಅದರಾಚೆಯೂ ಹರಡಿರುವ ಒಂದು ಹಳೆಯ ಜನಪದ ಕಥೆಯ ಹೆಸರು. ತಂಡದವರು ಅದನ್ನು ಒಂದು ನಿಘಂಟಿನಲ್ಲಿ ಕಂಡು ಆರಿಸಿಕೊಂಡರು. ಕಥೆ ಹೀಗಿದೆ: ಒಬ್ಬ ಪ್ರಯಾಣಿಕ ಒಂದು ಊರಿಗೆ ಬರುತ್ತಾನೆ. ಅಲ್ಲಿ ಒಂದು ಹೆಣ ಸಂಸ್ಕಾರವಿಲ್ಲದೆ ಬಿದ್ದಿದೆ. ಸತ್ತವನು ಸಾಲಗಾರ; ಸಾಲ ತೀರುವ ತನಕ ಹೂಳುವುದಕ್ಕೆ ಬಿಡೆವೆಂದು ಸಾಲ ಕೊಟ್ಟವರ ಹಟ. ಪ್ರಯಾಣಿಕ ತನ್ನ ಕೈಯಲ್ಲಿದ್ದ ಹಣವನ್ನೆಲ್ಲ ಕೊಟ್ಟು ಆ ಸಾಲ ತೀರಿಸಿ, ಹೆಣವನ್ನು ಮಣ್ಣುಮಾಡಿಸಿ, ಬರಿಗೈಯಲ್ಲಿ ಮುಂದಕ್ಕೆ ಹೊರಡುತ್ತಾನೆ. ದಾರಿಯಲ್ಲಿ ಒಬ್ಬ ಅಪರಿಚಿತ ಜೊತೆಗೂಡುತ್ತಾನೆ. ಕಷ್ಟ ಬಂದಲ್ಲೆಲ್ಲ ಕೈಹಿಡಿದು ದಾಟಿಸುತ್ತಾನೆ. ಕೊನೆಗೆ ತಿಳಿಯುತ್ತದೆ, ಆ ಅಪರಿಚಿತನೇ ಸತ್ತವನು. ತಿರುಗಿ ಉಪಕಾರ ಮಾಡಲಾರದವನಿಗೆ ಕೊಡು ಎಂದು ಗೀತೆ ಹೇಳಿದರೆ, ಹೆಣಕ್ಕಿಂತ ಅಸಹಾಯಕನಾದ ಪಾತ್ರ ಇನ್ನಾರು? ಆದರೂ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಬಯಸದಿದ್ದರೂ ಋಣ ಹಿಂದಿರುಗಿ ಬರುತ್ತದೆ, ಬೇರೊಂದು ಮುಖ ಹೊತ್ತು ಬರುತ್ತದೆ ಎಂಬುದು ಕಥೆಕಟ್ಟಿದವರ ಅನುಭವ.

ಹಾಡಿಗೂ ಸಾಲಕ್ಕೂ ಇರುವ ಈ ನಂಟು ಇನ್ನೂ ಹಿಂದಕ್ಕೆ ಹೋಗುತ್ತದೆ. ಹ್ಯಾಂಡೆಲ್‌ನ ‘ಮೆಸ್ಸಾಯ’ ಕೃತಿ ಮೊದಲು ಪ್ರಯೋಗವಾದದ್ದು 1742ರ ಏಪ್ರಿಲ್ 13ರಂದು, ಐರ್ಲೆಂಡಿನ ಡಬ್ಲಿನ್ ನಗರದಲ್ಲಿ. ಅದೂ ಸಹಾಯಾರ್ಥ ಕಚೇರಿಯೇ. ಹೆಚ್ಚು ಜನ ಹಿಡಿಸಲೆಂದು ಹೆಂಗಸರು ಬುಟ್ಟಿಯಂತೆ ಉಬ್ಬಿದ ಲಂಗಗಳನ್ನು ಬಿಟ್ಟೂ, ಗಂಡಸರು ಸೊಂಟದ ಕತ್ತಿಯನ್ನು ಮನೆಯಲ್ಲಿಟ್ಟೂ ಬರಬೇಕೆಂದು ಮುಂಚಿತವಾಗಿ ಪತ್ರಿಕೆಯಲ್ಲಿ ಕೇಳಿಕೊಂಡಿದ್ದರು. ಸುಮಾರು ಏಳುನೂರು ಜನ ಕೂಡಿದರು. ಬಂದ ಹಣವನ್ನು ಎರಡು ಆಸ್ಪತ್ರೆಗಳಿಗೂ, ಸಾಲ ತೀರಿಸಲಾರದೆ ಸೆರೆಮನೆಯಲ್ಲಿದ್ದವರ ಬಿಡುಗಡೆಗೂ ಸಮನಾಗಿ ಹಂಚಿದರು. ಅದರಿಂದ 142 ಜನ ಸೆರೆಯಿಂದ ಹೊರಬಂದರೆಂದು ದಾಖಲೆಯಿದೆ. ಆ ದಿನ ಸಂಗೀತ ಕೇಳಿದ ಶ್ರೀಮಂತರ ಮನಸ್ಸು ಸಾತ್ತ್ವಿಕವೋ ರಾಜಸವೋ ಎಂದು ಆ 142 ಜನರಲ್ಲಿ ಯಾರೂ ವಿಚಾರಿಸಿರಲಾರರು. ಬಾಗಿಲು ತೆರೆಯಿತು, ಹೊರಗೆ ಬಿಸಿಲಿತ್ತು, ಅವರು ಮನೆಗೆ ನಡೆದರು. ಕೊಡುವವನ ಅಂತರಂಗದ ಬಗೆಗೆ ನಾವು ಇಷ್ಟೊಂದು ಚಿಂತಿಸುವುದು ಕೊಡುವವನನ್ನೇ ಕಥೆಯ ನಾಯಕನೆಂದು ಎಣಿಸಿರುವುದರಿಂದ. ಸೆರೆಯಲ್ಲಿದ್ದವನ ಕಡೆಯಿಂದ ನೋಡಿದರೆ ಕಥೆಯ ಆಕಾರವೇ ಬೇರೆ.

ಆ ಕಡೆಯಿಂದ ಇನ್ನೂ ಒಂದು ವಿಷಯ ಕಾಣುತ್ತದೆ. ದಾನವನ್ನು ತೆಗೆದುಕೊಳ್ಳುವುದು ಸುಲಭದ ಕೆಲಸವಲ್ಲ. ಕೈಯೊಡ್ಡಿದವನ ತಲೆ ತಾನಾಗಿ ಬಾಗುತ್ತದೆ. ಕೊಟ್ಟವನು ಎಷ್ಟೇ ವಿನಯವಂತನಾದರೂ ಆ ಬಾಗಿದ ತಲೆ ಅವನ ಕಣ್ಣಿಗೆ ಬೀಳದಿರುವುದಿಲ್ಲ. ಸಂಕೋಚದಿಂದ ಕೊಡು ಎಂದು ತೈತ್ತಿರೀಯ ಉಪನಿಷತ್ತು ಶಿಷ್ಯನಿಗೆ ಬುದ್ಧಿಹೇಳುವುದು ಇದಕ್ಕಾಗಿಯೇ ಇರಬೇಕು. ಹನ್ನೆರಡನೆಯ ಶತಮಾನದ ಯೆಹೂದಿ ಪಂಡಿತ ಮೈಮೊನಿಡೀಸ್ ದಾನದಲ್ಲಿ ಎಂಟು ಮೆಟ್ಟಲುಗಳನ್ನು ಎಣಿಸಿದ. ಕೊಟ್ಟವನಾರೆಂದು ಪಡೆದವನಿಗೂ, ಪಡೆದವನಾರೆಂದು ಕೊಟ್ಟವನಿಗೂ ತಿಳಿಯದಿರುವುದು ಬಹಳ ಮೇಲಿನ ಮೆಟ್ಟಲು. ಎಲ್ಲಕ್ಕಿಂತ ಮೇಲಿನದು, ಬೀಳುತ್ತಿರುವವನಿಗೆ ಸಾಲವನ್ನೊ ಪಾಲುದಾರಿಕೆಯನ್ನೊ ಕೆಲಸವನ್ನೊ ಕೊಟ್ಟು ಅವನು ತನ್ನ ಕಾಲ ಮೇಲೆ ನಿಲ್ಲುವಂತೆ ಮಾಡುವುದು. ವೆನೀಟದಲ್ಲಿ ಆದದ್ದು ಹೆಚ್ಚುಕಡಮೆ ಇದೇ. ಡೈರಿಯ ದಂಪತಿಗಳು ಇಪ್ಪತ್ತು ಸಾವಿರ ಜನರ ಮುಂದೆ ಕೈಯೊಡ್ಡಲಿಲ್ಲ. ತಮ್ಮ ಮೊಸರಿನ ಚೀಟಿಯನ್ನೇ ಟಿಕೆಟ್ಟು ಮಾಡಿ ಮಾರಿದರು. ಜನರನ್ನು ಕರೆದು ಕಚೇರಿ ಕೇಳಿಸಿದರು. ಹಣ ಕೊಟ್ಟವರು ಅತಿಥಿಗಳು, ಪಡೆದವರು ಆತಿಥೇಯರು. ಮಾರನೆಯ ದಿನದಿಂದ ಮತ್ತೆ ಹಾಲು ಕಾಯಿಸಿ ಮೊಸರು ಮಾಡಿ ಅದೇ ಜನಕ್ಕೆ ಉಣ್ಣಿಸಿದರು. ಕೇಳುಗನ ಸಂತೋಷವು ಇಲ್ಲಿ ದಾನಕ್ಕೆ ಅಂಟಿದ ಕಲೆಯಾಗಲಿಲ್ಲ. ಪಡೆದವರ ಮಾನವನ್ನು ಕಾಪಾಡಿದ್ದೇ ಅದು. ‘ನಾನು ಕೊಟ್ಟೆ’ ಎಂದು ಬೀಗುವುದಕ್ಕೆ ಆ ಸಂತೋಷ ಕೇಳುಗನಿಗೆ ಎಡೆಗೊಡಲಿಲ್ಲ. ಅವನೂ ಪಡೆದವನೇ ಆಗಿದ್ದ.

ಈ ಮಾತಿಗೆ ಆಕ್ಷೇಪಣೆ ಉಂಟು. ನೆರೆಯವರಿಗೆ ನೆರೆಯವರು ನೆರವಾದ ಕಥೆ ಇದು. ಮುಖ ಕಾಣದ, ಹೆಸರು ತಿಳಿಯದ, ಸಮುದ್ರದಾಚೆಯ ಸಂಕಟಕ್ಕೆ ಹಾಡಿದಾಗ ಏನಾಗುತ್ತದೆ? ನ್ಯಾಯವಾದ ಪ್ರಶ್ನೆ. ವೆನೀಟಕ್ಕಿಂತ ಒಂದು ವರ್ಷ ಮೊದಲು, 1971ರ ಆಗಸ್ಟ್ 1ರಂದು, ಪಂಡಿತ ರವಿಶಂಕರರ ಕೋರಿಕೆಯಂತೆ ಜಾರ್ಜ್ ಹ್ಯಾರಿಸನ್ ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಎರಡು ಕಚೇರಿಗಳನ್ನು ನಡೆಸಿದರು. ಸಭಾಂಗಣದೊಳಗೆ ನಡೆದದ್ದಾದರೂ ಮುಂದೆ ಬಂದ ದೊಡ್ಡ ಸಹಾಯಾರ್ಥ ಕಚೇರಿಗಳಿಗೆಲ್ಲ ಅದೇ ಮಾದರಿ. ರವಿಶಂಕರರೂ ಅಲಿ ಅಕ್ಬರ್ ಖಾನರೂ ಶ್ರುತಿ ಕೂಡಿಸಿಕೊಳ್ಳುತ್ತಿದ್ದಾಗಲೇ ಜನ ಚಪ್ಪಾಳೆ ತಟ್ಟಿದರಂತೆ. ಶ್ರುತಿಯೇ ಇಷ್ಟು ಹಿಡಿಸಿದ್ದರೆ ವಾದನ ಇನ್ನೂ ಹಿಡಿಸೀತೆಂದು ರವಿಶಂಕರರು ನಗುತ್ತ ಹೇಳಿದರು. ಆ ಚಪ್ಪಾಳೆಯಲ್ಲಿ ಅಜ್ಞಾನವಿತ್ತು. ಒಳ್ಳೆಯ ಮನಸ್ಸೂ ಇತ್ತು. ಟಿಕೆಟ್ಟಿನಿಂದ ಬಂದ ಸುಮಾರು ಎರಡು ಲಕ್ಷ ನಲವತ್ತಮೂರು ಸಾವಿರ ಡಾಲರು ವಿಶ್ವಸಂಸ್ಥೆಯ ಮಕ್ಕಳ ನಿಧಿಗೆ ಸೇರಿತು. ಆದರೆ ಧ್ವನಿಮುದ್ರಿಕೆ ಮತ್ತು ಚಿತ್ರದಿಂದ ಬಂದ, ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಹಣ ತೆರಿಗೆಯ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಬಿದ್ದಿತು. ಕಚೇರಿಯನ್ನು ಮೊದಲೇ ಧರ್ಮಸಂಸ್ಥೆಯ ಹೆಸರಿನಲ್ಲಿ ಏರ್ಪಡಿಸಿರಲಿಲ್ಲ ಎಂಬುದೇ ಕಾರಣ. ಹಸಿವು ಆ ವರ್ಷದ್ದು. ಹಣದ ಬಹುಪಾಲು ಮುಂದಿನ ವರ್ಷಗಳದ್ದು. ಸದ್ಭಾವನೆ ಎಷ್ಟಿದ್ದರೂ ಲೆಕ್ಕಪತ್ರ ಸರಿಯಿಲ್ಲದಿದ್ದರೆ ಅದು ಹಸಿದವನ ಬಾಯಿಗೆ ತಲುಪುವುದಿಲ್ಲ. ಡೈರಿಗೆ ಹೆಸರು ತಂದುಕೊಟ್ಟವಳು ಲೆಕ್ಕ ಬರೆಯುವ ಹೆಣ್ಣುಮಗಳು ಎಂಬುದನ್ನು ಇಲ್ಲಿ ನೆನೆಯಬೇಕು. ಸಂಗೀತದಷ್ಟೇ ಲೆಕ್ಕವೂ ಧರ್ಮದ ಭಾಗ.

ದೂರ ಮತ್ತು ಹತ್ತಿರದ ಜಗಳ 1985ರಲ್ಲಿ ಬಹಿರಂಗವಾಗಿಯೇ ನಡೆಯಿತು. ಆ ವರ್ಷದ ಜುಲೈ 13ರಂದು ಇಥಿಯೋಪಿಯದ ಕ್ಷಾಮಕ್ಕಾಗಿ ಲಂಡನ್ನಿನಲ್ಲಿಯೂ ಫಿಲಡೆಲ್ಫಿಯದಲ್ಲಿಯೂ ಏಕಕಾಲದಲ್ಲಿ ನಡೆದ ‘ಲೈವ್ ಏಡ್’ ಕಚೇರಿಯ ವೇದಿಕೆಯಿಂದಲೇ ಬಾಬ್ ಡಿಲನ್, ಈ ಹಣದಲ್ಲಿ ಸ್ವಲ್ಪ ನಮ್ಮ ರೈತರ ಬ್ಯಾಂಕಿನ ಸಾಲಕ್ಕೂ ಹೋಗಬಾರದೆ ಎಂಬರ್ಥದ ಮಾತಾಡಿಬಿಟ್ಟರು. ಕಚೇರಿಯನ್ನು ಏರ್ಪಡಿಸಿದ್ದ ಬಾಬ್ ಗೆಲ್ಡಾಫ್‌ಗೆ ಸಿಟ್ಟು ಬಂತು: ಜೀವನೋಪಾಯ ಕಳೆದುಕೊಳ್ಳುವುದಕ್ಕೂ ಜೀವವನ್ನೇ ಕಳೆದುಕೊಳ್ಳುವುದಕ್ಕೂ ವ್ಯತ್ಯಾಸವಿಲ್ಲವೆ? ಗೆಲ್ಡಾಫ್ ಹೇಳಿದ್ದು ಸರಿ. ಆದರೆ ಡಿಲನ್ನರ ಮಾತೂ ಬರಡಾಗಲಿಲ್ಲ. ಅದನ್ನು ಕೇಳಿ ಎಚ್ಚೆತ್ತ ವಿಲ್ಲಿ ನೆಲ್ಸನ್ ಮೊದಲಾದ ಗಾಯಕರು ಅದೇ ಸೆಪ್ಟೆಂಬರ್ 22ರಂದು ಇಲಿನಾಯ್ ಸಂಸ್ಥಾನದಲ್ಲಿ ರೈತರಿಗಾಗಿ ‘ಫಾರ್ಮ್ ಏಡ್’ ಎಂಬ ಕಚೇರಿಯನ್ನು ಆರಂಭಿಸಿದರು. ಅಲ್ಲಿಯೂ ಮತ್ತೆ ಸಾಲದ ಮಾತೇ. ದೂರದ ಸಾವು ದೊಡ್ಡದು, ಹತ್ತಿರದ ಸಾಲ ಚಿಕ್ಕದು. ಆದರೆ ಹತ್ತಿರದ್ದಕ್ಕೆ ಕಿವಿ ಮುಚ್ಚಿಕೊಂಡವನು ದೂರದ್ದನ್ನು ಬಹುಕಾಲ ಕೇಳಿಸಿಕೊಳ್ಳಲಾರ. ದೂರದ ಸಂಕಟಕ್ಕೆ ಒಂದು ಸಂಜೆ ಮಿಡಿದು ಮರೆಯುವುದು ಸುಲಭ. ಹತ್ತಿರದವನು ನಾಳೆಯೂ ಬೀದಿಯಲ್ಲಿ ಎದುರಾಗುತ್ತಾನೆ.

ಹೀಗೆ ಎದುರಾಗುತ್ತಲೇ ಇರುವುದರ ಬೆಲೆ ಹಳೆಯ ತಂಡಗಳಿಗೆ ಗೊತ್ತು. ಈ ಪಂಥದ ಇನ್ನೊಂದು ತಂಡ ‘ಫಿಶ್’, 1983ರಲ್ಲಿ ವರ್ಮಾಂಟ್ ಸಂಸ್ಥಾನದ ಬರ್ಲಿಂಗ್ಟನ್ನಿನಲ್ಲಿ ವಿದ್ಯಾರ್ಥಿಗಳು ಕಟ್ಟಿದ್ದು. 2011ರ ಆಗಸ್ಟಿನಲ್ಲಿ ಐರೀನ್ ಚಂಡಮಾರುತದ ಮಳೆಗೆ ವರ್ಮಾಂಟಿನ ಸೇತುವೆಗಳೂ ಊರುಗಳೂ ಕೊಚ್ಚಿಹೋದಾಗ, ಸೆಪ್ಟೆಂಬರ್ 14ರಂದು ಅವರು ತವರಿನ ಜಾತ್ರೆಯ ಬಯಲಿನಲ್ಲಿ ನುಡಿಸಿ ಹನ್ನೆರಡು ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿಸಿದರು. ಹನ್ನೆರಡು ವರ್ಷಗಳ ಮೇಲೆ, 2023ರ ಜುಲೈಯಲ್ಲಿ, ಮತ್ತೆ ಅಂಥದೇ ನೆರೆ ಬಂದು ರಾಜಧಾನಿ ಮಾಂಟ್‌ಪೀಲಿಯರಿನ ಬೀದಿಗಳು ಹೊಳೆಯಾದವು. ಆಗಸ್ಟ್ 25 ಮತ್ತು 26ರಂದು ನೆರೆಯ ನ್ಯೂಯಾರ್ಕ್ ಸಂಸ್ಥಾನದ ಸಾರಟೋಗ ಸ್ಪ್ರಿಂಗ್ಸ್‌ನ ಬಯಲು ರಂಗಮಂದಿರದಲ್ಲಿ, ಮುಂದೆ ಮಾಡಿನ ಕೆಳಗೆ ಆಸನಗಳು, ಹಿಂದೆ ಹುಲ್ಲಿನ ಇಳಿಜಾರು ಇರುವ ಜಾಗದಲ್ಲಿ, ಎರಡು ರಾತ್ರಿ ಮತ್ತೆ ನುಡಿಸಿದರು. ಹಣ ಹೋದದ್ದು 1997ರಿಂದಲೇ ಅವರು ನಡೆಸಿಕೊಂಡು ಬಂದಿರುವ ಧರ್ಮನಿಧಿಯ ಮೂಲಕ. ತಂಡಕ್ಕೆ ಆಗ ನಾಲ್ವತ್ತು ವರ್ಷ. ನಾಲ್ವರೂ ಅರವತ್ತರ ಆಸುಪಾಸಿನವರು. ಕೇಳುಗರಲ್ಲಿಯೂ ತಲೆ ನರೆತವರು ಎಷ್ಟೋ ಮಂದಿ.

ಹಳೆಯ ತಂಡ, ಹಳೆಯ ಕೇಳುಗರು ಎಂಬುದು ಇಲ್ಲಿ ಬರಿಯ ವಯಸ್ಸಿನ ಮಾತಲ್ಲ. ಈ ತಂಡಗಳು ಕೇಳುಗರಿಗೆ ಒಂದು ವಿಚಿತ್ರವಾದ ಸ್ವಾತಂತ್ರ್ಯ ಕೊಟ್ಟಿದ್ದವು: ಕಚೇರಿಯನ್ನು ನೀವೇ ಮುದ್ರಿಸಿಕೊಳ್ಳಬಹುದು, ಒಬ್ಬರಿಗೊಬ್ಬರು ಹಂಚಿಕೊಳ್ಳಬಹುದು, ಮಾರಬಾರದು ಅಷ್ಟೆ. ಗ್ರೇಟ್‌ಫುಲ್ ಡೆಡ್ ತಂಡದವರಂತೂ 1984ರಿಂದ ಮುದ್ರಿಸಿಕೊಳ್ಳುವವರಿಗೆಂದೇ ಬೇರೆ ಸ್ಥಳವನ್ನು ಬಿಡತೊಡಗಿದರು. ಹೀಗೆ ಬಿಟ್ಟಿಯಾಗಿ ಪಡೆದ ಸಂಗೀತದ ಋಣ ಕೇಳುಗನ ಮೇಲೆ ವರ್ಷವರ್ಷವೂ ಬೆಳೆಯುತ್ತದೆ. ನೆರೆ ಬಂದಾಗ ತಂಡವು ಕರೆದರೆ ಅವನು ಓಡಿಬರುವುದು ದಾನಶೂರನೆಂದಲ್ಲ. ಹಳೆಯ ಬಾಕಿಯಲ್ಲಿ ಸ್ವಲ್ಪವಾದರೂ ಸಲ್ಲಿಸುವ ಅವಕಾಶ ಸಿಕ್ಕಿತೆಂದು. ಆದರೆ ಸಲ್ಲಿಸಹೋದರೆ ಅಲ್ಲಿಯೂ ಮತ್ತೆ ಹಾಡನ್ನೇ ಪಡೆದು ಬರುತ್ತಾನೆ. ಬಾಕಿ ಬೆಳೆಯುತ್ತಲೇ ಹೋಗುತ್ತದೆ. ಇಂಥ ಬಯಲು ಕಚೇರಿಗಳಿಗೆ ಟಿಕೆಟ್ಟಿಲ್ಲದೆ ನುಸುಳಿ ಬರುವವರು ಯಾವಾಗಲೂ ಇರುತ್ತಾರೆ. ದಾನದ ಲೆಕ್ಕದಲ್ಲಿ ಅವರದು ಸೊನ್ನೆ. ಋಣದ ಲೆಕ್ಕದಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತುಕೊಂಡು ಹೋದವರು ಅವರೇ. ಎಂದಾದರೂ ಒಂದು ದಿನ ಅದು ಅವರನ್ನು ಬೇರೊಂದು ಬಾಗಿಲಲ್ಲಿ ಕಂಡೀತು.

ಎಲ್ಲರೂ ಪಡೆದವರೇ ಎಂದು ಹೇಳಿ ಹೊಣೆಯನ್ನು ತೇಲಿಸಿಬಿಡುವ ಅಪಾಯವೂ ಇದೆ. ಅದಕ್ಕೆ ತಡೆ ಬೇಕು. ಹಾಡುವವನು ಬಿಟ್ಟೆನೆಂದು ಹೇಳಿದ ಸಂಭಾವನೆಯನ್ನು ನಿಜವಾಗಿ ಬಿಟ್ಟಿರಬೇಕು. ತನ್ನ ಹೆಸರು ಬೆಳೆಸಿಕೊಳ್ಳಲು ಪರರ ಕಣ್ಣೀರನ್ನು ಬಳಸಬಾರದು. ಏರ್ಪಡಿಸಿದವನು ಕಾಸುಕಾಸಿಗೂ ಲೆಕ್ಕವೊಪ್ಪಿಸಬೇಕು. ಕೇಳುಗನ ಕರ್ತವ್ಯ ಕಾಣುವುದಕ್ಕೆ ಸಣ್ಣದು, ನಡೆಸುವುದಕ್ಕೆ ಕಷ್ಟ: ಮಾರನೆಯ ದಿನ ನೆನೆಯುವುದು. ಹಾಡು ಮುಗಿದ ಮೇಲೆ ಯಾರಿಗಾಗಿ ಹಾಡಿದರೋ ಅವರನ್ನು ಮರೆತರೆ, ಅಂದು ಕೊಟ್ಟ ಹಣ ಬರಿಯ ಟಿಕೆಟ್ಟಿನ ಬೆಲೆಯಾಗಿ ಉಳಿಯುತ್ತದೆ. ಸಂತೋಷಪಟ್ಟದ್ದರಿಂದ ಆ ಹಣಕ್ಕೆ ಮೈಲಿಗೆಯಿಲ್ಲ, ಮರೆತದ್ದರಿಂದ ಉಂಟು.

ಕನ್ನಡದಲ್ಲಿ ‘ಋಣ ತೀರಿತು’ ಎಂಬ ಮಾತನ್ನು ನಾವು ಸುಖಕ್ಕೆ ಬಳಸುವುದಿಲ್ಲ. ಒಬ್ಬರು ಸತ್ತಾಗ ಹೇಳುತ್ತೇವೆ, ಊರು ಬಿಟ್ಟಾಗ ಹೇಳುತ್ತೇವೆ, ಸ್ನೇಹ ಮುರಿದಾಗ ಹೇಳುತ್ತೇವೆ. ಅಂಗಡಿಯ ಸಾಲ ತೀರಿದರೆ ಹಾಯೆನಿಸುತ್ತದೆ. ಮನುಷ್ಯರ ಋಣ ತೀರಿದರೆ ನಂಟೇ ತೀರಿದಂತೆ. ತಂದೆತಾಯಿಗಳ ಋಣವನ್ನು ತೀರಿಸಿದೆನೆಂದು ಹೇಳುವ ಮಗನನ್ನು ಯಾರೂ ಮೆಚ್ಚುವುದಿಲ್ಲ. ಅನ್ನದ ಋಣ, ನೀರಿನ ಋಣ, ನೆರೆಹೊರೆಯ ಋಣ ಎಂದು ನಾವು ಹೇಳುವಾಗ ತೀರಿಸಬೇಕೆಂಬ ಆತುರಕ್ಕಿಂತ ಹೊತ್ತು ನಡೆಯಬೇಕೆಂಬ ಒಪ್ಪಿಗೆಯೇ ಆ ಮಾತಿನಲ್ಲಿ ಹೆಚ್ಚಾಗಿರುತ್ತದೆ. ಹಾಡಿನ ಋಣವೂ ಆ ಜಾತಿಗೆ ಸೇರಿದ್ದು.

ಗ್ರೇಟ್‌ಫುಲ್ ಡೆಡ್ ತಂಡ 1982ರ ಆಗಸ್ಟ್ 28ರಂದು, ಹತ್ತು ವರ್ಷಗಳ ಮೇಲೆ, ವೆನೀಟದ ಅದೇ ಬಯಲಿಗೆ ಹಿಂದಿರುಗಿ ಬಂದು ಹಾಡಿತು. ಆ ಹೊತ್ತಿಗೆ ಡೈರಿ ತನ್ನ ಕಾಲ ಮೇಲೆ ನಿಂತಿತ್ತು. ಸಾಲ ತೀರಿತ್ತು, ಋಣ ತೀರಿರಲಿಲ್ಲ.